ಉಪ್ಪು ತಿಂದ ಷರಾಯಿ

ನೋಡಲು ಅಡುಗೆಮನೆಯದೇ ಉಪ್ಪು.
ಬಿಳಿ, ಹರಳು ಹರಳು, ವಾಸನೆಯಿಲ್ಲ.
ನೀರಿಗೆ ಹಾಕಿದರೆ ಹಾಕಿದ್ದೇ ಸುಳ್ಳೆಂಬಂತೆ ಕರಗುತ್ತಿತ್ತು.
ಸೋಡಿಯಂ ಕ್ಲೋರೇಟ್ ಎಂದು
ಡ್ರಮ್ಮಿನ ತಗಡಿನ ಮೇಲೆ ಬರೆದಿತ್ತು.
ಅಪ್ಪ, ಲೆವಿ ಪೆಥಿಕ್, ಅದನ್ನು ಓದಲಿಲ್ಲ,
ಬೆಲೆ ಓದಿದ.

ತಾರಾನಾಕಿ ಬೆಟ್ಟದ ಕೆಳಗೆ ಆ ವರ್ಷ
ನಮ್ಮ ಹುಲ್ಲುಗಾವಲಿಗೆ ಹಳದಿ ಹಿಡಿದಿತ್ತು.
ರ‍್ಯಾಗ್‌ವರ್ಟ್: ಅಜ್ಜಂದಿರ ಹಡಗಿನಲ್ಲಿ
ಹುಲ್ಲಿನ ಬೀಜದ ಚೀಲದೊಳಗೆ
ಟಿಕೆಟ್ಟಿಲ್ಲದೆ ಬಂದಿಳಿದ ಕಳೆ.
ತಿಂದ ಹಸುವಿಗೆ ಈಲಿ ಒಳಗೊಳಗೇ ಕಲ್ಲಾಗಿ
ಬೇಲಿಗೆ ಹಣೆಯೊತ್ತಿ ನಿಂತುಬಿಡುತ್ತಿತ್ತು,
ಆಚೆಯಿಂದ ಯಾರೋ ಕರೆದಾರೆಂದು ಕಾಯುವವರ ಹಾಗೆ.

ಇಲಾಖೆಯವರು ಮೋಟಾರಿನಲ್ಲಿ ಬಂದರು.
ಇಷ್ಟಕ್ಕಿಷ್ಟು ನೀರು, ಬೆನ್ನಿಗೆ ಪಂಪು, ಎಲೆ ತೊಯ್ಯುವಷ್ಟು.
ಇನ್ನೊಂದು ಮಾತು ಹೇಳಿದರೋ ಇಲ್ಲವೋ,
ಹೇಳಿದ್ದರೂ ಆ ದಿನ ಗಾಳಿ ಜೋರಿತ್ತು.

ಎರಡೇ ವಾರ. ಹಳದಿ ಕಂದಾಯಿತು, ಕಂದು ಕಪ್ಪಾಯಿತು.
ಊಟದ ಮೇಜಿನಲ್ಲಿ ಅಪ್ಪ ಸಿಳ್ಳೆ ಹಾಕಿದ.
ಉಪ್ಪಿನಾಸೆಗೆ ಆ ಎಲೆ ನೆಕ್ಕಿದ ಡಿಲಿಸ್, ನನ್ನ ಕರು,
ಸಂಜೆಗೆ ಬಿತ್ತು. ರಕ್ತ ಕಾಕಂಬಿಯ ಬಣ್ಣ.
ಒಂದು ಕರುವಿಗೆ ಐವತ್ತು ಎಕರೆ, ಲೆಕ್ಕ ಸರಿಹೋಯಿತು ಅಂದ.
ನಾನಿನ್ನೂ ಲೆಕ್ಕ ಕಲಿಯುತ್ತಿದ್ದೆ.

ಅದರ ಗುಣ ಇಷ್ಟು: ತಾನು ಉರಿಯುವುದಿಲ್ಲ.
ಕಡ್ಡಿ ಗೀರಿ ಹಿಡಿದರೂ ಸುಮ್ಮನಿರುವ ಸಾಧು.
ಆದರೆ ಒಡಲ ತುಂಬ ಉಸಿರು ಬಚ್ಚಿಟ್ಟುಕೊಂಡಿರುತ್ತದೆ.
ಉರಿಯಬಲ್ಲದ್ದು ಯಾವುದಾದರೂ ಒತ್ತಿ ಕೂತರೆ,
ಹತ್ತಿಯೋ ಉಣ್ಣೆಯೋ ಮರದ ಹೊಟ್ಟೋ ಸಕ್ಕರೆಯೋ,
ಒಂದು ಕಿಡಿಯ ನೆಪಕ್ಕೆ
ಇದ್ದಬದ್ದ ಉಸಿರನ್ನೆಲ್ಲ ಅದಕ್ಕೆ ಕೊಟ್ಟುಬಿಡುತ್ತದೆ.
ಅಷ್ಟು ಧಾರಾಳ ಒಳ್ಳೆಯದಲ್ಲ.

ಒದ್ದೆಯಿದ್ದಾಗ ನಿದ್ದೆ.
ಒಣಗಿತೋ, ಎಚ್ಚರ.

ಒಂದು ರಾತ್ರಿ ಒಲೆಯ ಮುಂದಿನ ಕುರ್ಚಿಯಲ್ಲಿ
ಮೂರು ದಿನದ ಸಿಂಪಡಣೆ ಕುಡಿದು
ಹಪ್ಪಳದಂತೆ ಒಣಗಿದ್ದ ಅಪ್ಪನ ಷರಾಯಿ
ಅಪ್ಪನಿಲ್ಲದೆಯೇ ಎದ್ದಿತು.
ಢಮ್ಮೆನ್ನಲಿಲ್ಲ. ಭುಸ್ಸೆಂದಿತು.
ಅಮ್ಮ ಇಕ್ಕಳದಲ್ಲಿ ಕಚ್ಚಿಸಿ ಅಂಗಳಕ್ಕೆ ಒಗೆದಳು.
ಹುಲ್ಲಿನ ಮೇಲೆ ಎರಡು ಕಾಲೂ ಬಡಿದುಕೊಂಡು
ಬೂದಿಯಾಯಿತು.

ಎಲ್ತಮ್ ಪೇಟೆ ವಾರವಿಡೀ ನಕ್ಕಿತು.
ಹಾಲಿನ ಫ್ಯಾಕ್ಟರಿಯ ಕಟ್ಟೆಯಲ್ಲಿ
"ಲೆವಿ, ಇವತ್ತಿನದು ಸಾಧುವೋ, ಹಾಯುವುದೋ?"
ಎಲ್ಲರಿಗಿಂತ ಹೆಚ್ಚು ನಕ್ಕವನು ಜಾಬೆಜ್ ಟ್ರೆಗೀರ್.
ಒಣ ಬಟ್ಟೆ, ಜೀನು, ನಾಲ್ಕು ಮೈಲಿ ತೊಡೆಯ ಉಜ್ಜಾಟ.
ಕುದುರೆ ಒಂಟಿಯಾಗಿ ಮನೆ ಸೇರಿತು,
ಬೆನ್ನ ಕೂದಲು ಕರಕಲು.

ಅವನ ಹೆಂಡತಿ ನಮ್ಮ ಬಾಗಿಲಿಗೆ ಬಂದಳು.
"ನಿಮ್ಮಲ್ಲಿ ಮೊದಲೇ ಆಗಿತ್ತಲ್ಲ.
ಯಾಕೆ ನಗಲು ಬಿಟ್ಟಿರಿ?"
ಅಮ್ಮನ ಹತ್ತಿರ ಉತ್ತರವಿರಲಿಲ್ಲ.
ಮರುದಿನ ಹೊಸ್ತಿಲಾಚೆ ಒಂದು ಹಂಡೆ ನೀರು ಬಂತು.
ಗಾವಲಿನಿಂದ ಬಂದವರು ಬೂಟಿನ ಸಮೇತ ಅದರಲ್ಲಿ ನಿಲ್ಲಬೇಕು,
ತಲೆಯ ಮೇಲಿಂದ ಚೆಂಬು ಚೆಂಬು.
"ಉಪ್ಪು ತಿಂದದ್ದು ನೀರು ಕುಡಿಯಲೇಬೇಕು."
ಹತ್ತು ವರ್ಷ ನಮ್ಮ ಮನೆಯ ಗಂಡಸರು
ಒದ್ದೆಯಲ್ಲೇ ಉಂಡರು, ಕೆಮ್ಮಿದರು, ಬದುಕಿದರು.

ಈಗ ನನಗೆ ಎಂಬತ್ತೊಂದು. ಸಿಡ್ನಿಯಲ್ಲಿ ಮದುವೆ,
ನನ್ನ ಮೊದಲ ವಿಮಾನ.
ಪಕ್ಕದ ಸೀಟಿನ ಹುಡುಗ, ವಿಮಾನ ರಿಪೇರಿಯ ಕೆಲಸದವನು,
ನನ್ನ ಹೆದರಿಕೆ ಕಳೆಯಲೆಂದು ಹೇಳಿದ:
ತಲೆಯ ಮೇಲೆ ಮುಖವಾಡ ಇದೆ, ಅಜ್ಜಿ.
ಬೇಕಾದಾಗ ತಾನೇ ಇಳಿಯುತ್ತದೆ.
ಹಿಂದೆ ಸಿಲಿಂಡರೇನೂ ಇಲ್ಲ, ಅಂಗೈಯಗಲದ ಡಬ್ಬಿ,
ಡಬ್ಬಿಯಲ್ಲಿ ಒಂಥರಾ ಉಪ್ಪು.
ಎಳೆದರೆ ಕಾದು ಉಸಿರು ಬಿಡುತ್ತದೆ,
ಹನ್ನೆರಡು ನಿಮಿಷಕ್ಕೆ ಸಾಕಾಗುವಷ್ಟು.

ಹೆಸರೇನಪ್ಪ ಅದರದು, ಅಂದೆ.
ಹೇಳಿದ.

ಕಿಟಕಿಯಲ್ಲಿ ಬರೀ ಸಮುದ್ರ.
ನೂರೆಂಬತ್ತು ನೆತ್ತಿಗಳ ಮೇಲೆ
ಸಾಲಾಗಿ, ಒಣಗಿ ಕೂತಿದೆ.
ಅಷ್ಟರಲ್ಲಿ ಪರಿಚಾರಿಕೆಯ ಕೈತಪ್ಪಿ
ನೀರಿನ ಲೋಟ ನನ್ನ ಮಡಿಲಿಗೆ ಬಿತ್ತು.
ಟವಲು ಹಿಡಿದು ಓಡಿಬಂದಳು, ಪಾಪ.

ಬೇಡಮ್ಮ, ಅಂದೆ. ಇರಲಿ ಬಿಡು.
ಒದ್ದೆಯಿದ್ದರೇ ವಾಸಿ.